ಬೆಟ್ಟ ಮೀನಿನ ಆಯುಸ್ಸೂ ಮನೆಯ ಮಕ್ಕಳ ದುಃಖವೂ

ಹಸುವನ್ನು ಕೊಳ್ಳುವಾಗ ನಮ್ಮ ಹಿರಿಯರು ಅದರ ಹಲ್ಲನ್ನು ಎಣಿಸಿ ನೋಡುವರು. ಅದರ ವಯಸ್ಸೆಷ್ಟು, ಇನ್ನೆಷ್ಟು ಕರುಗಳನ್ನು ಹಾಕೀತು ಎಂಬುದನ್ನು ತಿಳಿಯದೆ ಯಾರೂ ಹಗ್ಗವನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಆದರೆ ಮಗುವಿನ ಹಟಕ್ಕೆ ಮಣಿದು ಪೇಟೆಯ ಅಂಗಡಿಯಿಂದ ಬಣ್ಣದ ಮೀನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತರುವಾಗ, ಇದು ಎಷ್ಟು ಕಾಲ ಬದುಕುವ ಪ್ರಾಣಿ ಎಂದು ಕೇಳುವವರು ವಿರಳ. ಹೀಗೆ ಕೇಳದೆ ತಂದುದರ ಫಲವಾಗಿ, ಒಂದು ಬೆಳಗ್ಗೆ ಮೀನು ನೀರಿನ ಮೇಲೆ ತೇಲುತ್ತಿರುವುದನ್ನು ಕಂಡು ಮಗು ಕಂಗೆಡುತ್ತದೆ. ತಾಯಿತಂದೆಗಳಿಗೆ ಏನು ಹೇಳಬೇಕೆಂಬುದೇ ತೋಚುವುದಿಲ್ಲ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ಅವರಿಗೂ ಪೋಷಕರಿಗೂ ಉಪಯೋಗವಾಗಲೆಂದು ಈ ಪುಟ್ಟ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮೀನಿನ ಹೆಸರೂ ಮೂಲವೂ

ನಮ್ಮ ಸೀಮೆಯಲ್ಲಿ ಬೆಟ್ಟವೆಂದರೆ ಮಲೆ ಮಹದೇಶ್ವರ ಬೆಟ್ಟ, ಇಲ್ಲವೆ ಬಿಳಿಗಿರಿರಂಗನ ಬೆಟ್ಟ. ಈ ಮೀನಿನ ಹೆಸರಿಗೂ ಆ ಮಾತಿಗೂ ಸಂಬಂಧವಿಲ್ಲ. ಅದು ಮಲಯ ದೇಶದ ಕಡೆಯಿಂದ ಬಂದ ಹೆಸರು. ಇದರ ತವರು ಸಯಾಂ, ಎಂದರೆ ಇಂದಿನ ಥೈಲ್ಯಾಂಡ್. ಅಲ್ಲಿಯ ಬತ್ತದ ಗದ್ದೆಗಳಲ್ಲಿಯೂ ಜೌಗು ನೆಲಗಳಲ್ಲಿಯೂ ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿಯೂ ಇದು ಸಹಜವಾಗಿ ಬೆಳೆಯುತ್ತದೆ. ಆ ದೇಶದವರು ಇದನ್ನು ಕಚ್ಚುವ ಮೀನು ಎಂಬರ್ಥದ ಹೆಸರಿನಿಂದ ಕರೆಯುವರು. ಏಕೆಂದರೆ ಎರಡು ಗಂಡುಗಳನ್ನು ಒಂದೆಡೆ ಬಿಟ್ಟರೆ ಅವು ರೆಕ್ಕೆ ಹರಿಯುವವರೆಗೆ ಹೋರಾಡುತ್ತವೆ. 1910ರಲ್ಲಿ ರೇಗನ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು ಇದಕ್ಕೆ ಬೆಟ್ಟ ಸ್ಪ್ಲೆಂಡೆನ್ಸ್ ಎಂಬ ಶಾಸ್ತ್ರೀಯ ನಾಮವನ್ನಿಟ್ಟನು. ಉಜ್ವಲವಾದ ಬೆಟ್ಟ ಎಂದು ಅದರ ಅರ್ಥ. 2019ರಲ್ಲಿ ಥೈಲ್ಯಾಂಡಿನ ಸರಕಾರವು ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು.

ಈ ಮೀನಿಗೆ ಕಿವಿರುಗಳಲ್ಲದೆ, ತಲೆಯೊಳಗೆ ಸುರುಳಿ ಸುರುಳಿಯಾದ ಮತ್ತೊಂದು ಉಸಿರಾಟದ ಅಂಗವುಂಟು. ಆದುದರಿಂದ ಅದು ಆಗಾಗ್ಗೆ ಮೇಲಕ್ಕೆ ಬಂದು ಗಾಳಿಯನ್ನು ಗುಟುಕರಿಸುತ್ತದೆ. ನಮ್ಮ ಕೆರೆಗಳ ಕೊರವ ಮೀನು ಇದರ ದೂರದ ದಾಯಾದಿ. ಕೆರೆ ಬತ್ತಿ ಕೆಸರಾದಾಗಲೂ ಕೊರವ ಉಳಿದಿರುವುದು ಇಂತಹುದೇ ಒಂದು ಸೌಕರ್ಯದಿಂದ. ಗಾಳಿಯನ್ನು ಕುಡಿಯಬಲ್ಲದೆಂಬ ಈ ಗುಣವೇ ಬೆಟ್ಟ ಮೀನಿಗೆ ಶಾಪವೂ ಆಗಿದೆ. ಒಂದು ಲೋಟ ನೀರಿನಲ್ಲಿಟ್ಟರೂ ಅದು ಒಡನೆ ಸಾಯುವುದಿಲ್ಲವಾದ್ದರಿಂದ, ಒಂದು ಲೋಟ ನೀರೇ ಅದಕ್ಕೆ ಸಾಕೆಂದು ಜನರು ಭ್ರಮಿಸಿದ್ದಾರೆ. ಸಾಯದೆ ಇರುವುದು ಬೇರೆ, ಬದುಕುವುದು ಬೇರೆ.

ಆಯುಸ್ಸಿನ ಪ್ರಮಾಣ

ಚೆನ್ನಾಗಿ ಸಾಕಿದ ಬೆಟ್ಟ ಮೀನು ಸಾಧಾರಣವಾಗಿ 2ರಿಂದ 4 ವರ್ಷಗಳ ಕಾಲ ಬದುಕುತ್ತದೆ. 5 ವರ್ಷಗಳನ್ನು ಮುಟ್ಟುವುದು ಅಪೂರ್ವ. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಗಂಡುಮೀನಿನ ರೆಕ್ಕೆಗಳು ನೀಳವಾಗಿ ಬೆಳೆದು ಬಣ್ಣವೇರಿದ ಮೇಲೆಯೇ ಅದನ್ನು ಮಾರಾಟಕ್ಕೆ ಇಡುವರು. ಆ ವೇಳೆಗೆ ಅದಕ್ಕೆ 6 ತಿಂಗಳಿಂದ 1 ವರ್ಷದ ವಯಸ್ಸಾಗಿರುವುದುಂಟು. ನಾವು ತಂದದ್ದು ಮರಿಯನ್ನಲ್ಲ, ಹರೆಯದ ಮೀನನ್ನು. ಎರಡು ವರ್ಷ ನಮ್ಮ ಮನೆಯಲ್ಲಿದ್ದು ಸತ್ತ ಮೀನು ಅಕಾಲದಲ್ಲಿ ಸತ್ತಿತೆಂದು ಹೇಳುವುದು ಸರಿಯಲ್ಲ. ಅದು ತನ್ನ ಬಾಳನ್ನು ಪೂರ್ಣವಾಗಿ ಬಾಳಿತೆಂದೇ ಹೇಳಬೇಕು.

ಬಂಗಾರದ ಮೀನಾದರೋ ಒಳ್ಳೆಯ ಆರೈಕೆಯಲ್ಲಿ 10 ವರ್ಷಗಳಿಗೂ ಹೆಚ್ಚು ಬಾಳಬಲ್ಲದು. ಅದಕ್ಕೆ ಹೋಲಿಸಿದರೆ ಬೆಟ್ಟ ಮೀನು ಅಲ್ಪಾಯು. ಆದರೆ ಹೋಲಿಕೆಗಾಗಿ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲದ ಸೀಮೆ ರೇಷ್ಮೆಗೆ ಹೆಸರಾದುದು. ಹುಳು ಮೊಟ್ಟೆಯೊಡೆದು ಬಂದು, ನಾಲ್ಕು ಜ್ವರಗಳನ್ನು ಕಳೆದು, ಹಣ್ಣಾಗಿ ಚಂದ್ರಿಕೆಯನ್ನೇರುವುದಕ್ಕೆ ಸುಮಾರು ನಾಲ್ಕು ವಾರ ಸಾಕು. ಗೂಡಿನಿಂದ ಹೊರಬಿದ್ದ ಚಿಟ್ಟೆ ಏನನ್ನೂ ತಿನ್ನದೆ ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಮಡಿಯುತ್ತದೆ. ಹುಳು ಸಾಕಿದ ಮನೆಯ ಮಗಳಿಗೆ ಇದು ಆಶ್ಚರ್ಯವಲ್ಲ. ಒಂದೊಂದು ಜೀವಕ್ಕೂ ಒಂದೊಂದು ಅಳತೆಯುಂಟು. ಅಳತೆ ಚಿಕ್ಕದಾದ ಮಾತ್ರಕ್ಕೆ ಬಾಳು ಕೊರತೆಯಾದಂತಲ್ಲ. ಈ ಪಾಠವನ್ನು ನಮ್ಮ ಮಕ್ಕಳಿಗೆ ತಟ್ಟೆಯ ಹುಳುವನ್ನೇ ತೋರಿಸಿ ಹೇಳಬಹುದು.

ಅಕಾಲ ಮರಣದ ಕಾರಣಗಳು

ಆದರೂ ಅನೇಕ ಮೀನುಗಳು ಮೇಲೆ ಹೇಳಿದ ಅಳತೆಯನ್ನು ಮುಟ್ಟುವುದಿಲ್ಲ. ತಂದ ಕೆಲವೇ ವಾರಗಳಲ್ಲಿ ಸಾಯುವವುಗಳೂ ಉಂಟು. ಅದಕ್ಕೆ ಕಾರಣಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ನೀರಿನ ವಿಷ. ಮೀನಿನ ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ. ಇದು ಮೀನಿನ ಕಿವಿರುಗಳನ್ನು ಸುಡುವ ವಿಷ. ತೊಟ್ಟಿಯ ಮರಳಿನಲ್ಲಿಯೂ ಗೋಡೆಗಳಲ್ಲಿಯೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೆಲೆಸಿ ಈ ವಿಷವನ್ನು ಮೊದಲು ನೈಟ್ರೈಟಾಗಿಯೂ ಬಳಿಕ ಅಷ್ಟೇನೂ ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಆದರೆ ಅವು ನೆಲೆಯೂರಲು 4ರಿಂದ 6 ವಾರಗಳು ಬೇಕು. ಚಿಕ್ಕ ಬೋಗುಣಿಯಲ್ಲಿ ವಿಷವು ಬೇಗ ಏರುತ್ತದೆ. ಆದುದರಿಂದ ಒಂದು ಮೀನಿಗೆ ಕಡಮೆಯೆಂದರೆ 10 ಲೀಟರ್ ನೀರಾದರೂ ಇರತಕ್ಕದ್ದು. 20 ಲೀಟರ್ ಇದ್ದರೆ ಇನ್ನೂ ಲೇಸು. ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲು ನೀರನ್ನು ತೆಗೆದು ಹೊಸ ನೀರನ್ನು ತುಂಬಬೇಕು. ಶುಚಿಯ ಮೇಲಿನ ಅಕ್ಕರೆಯಿಂದ ತೊಟ್ಟಿಯನ್ನು ಸೋಪು ಹಾಕಿ ಪಾತ್ರೆಯಂತೆ ತೊಳೆಯುವ ಗೃಹಿಣಿಯರುಂಟು. ಹಾಗೆ ಎಂದಿಗೂ ಮಾಡಕೂಡದು. ಸೋಪು ಮೀನನ್ನೂ ಕೊಲ್ಲುತ್ತದೆ, ಮೀನನ್ನು ಕಾಯುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ.

ಎರಡನೆಯದು, ನಲ್ಲಿಯ ನೀರಿನ ಕ್ಲೋರೀನು. ಮನುಷ್ಯರ ಆರೋಗ್ಯಕ್ಕಾಗಿ ಬೆರೆಸುವ ಈ ವಸ್ತು ಮೀನಿಗೆ ಹಗೆ. ಬಾಯಿ ಅಗಲವಾದ ಪಾತ್ರೆಯಲ್ಲಿ ನೀರನ್ನು ಒಂದು ಹಗಲೂ ಒಂದು ರಾತ್ರಿಯೂ ತೆರೆದಿಟ್ಟರೆ ಕ್ಲೋರೀನು ಬಹುಮಟ್ಟಿಗೆ ಹಾರಿಹೋಗುತ್ತದೆ. ಕ್ಲೋರಮೀನ್ ಬೆರೆಸಿದ ನೀರು ಹೀಗೆ ಶುದ್ಧವಾಗದು. ಅದಕ್ಕೆ ಅಂಗಡಿಯಲ್ಲಿ ದೊರೆಯುವ ಔಷಧದ ಹನಿಗಳನ್ನೇ ಹಾಕಬೇಕು.

ಮೂರನೆಯದು, ಚಳಿ. ಈ ಮೀನಿಗೆ 24ರಿಂದ 28 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಹಿತ. ಹುಳುಮನೆಗೂ ಹೆಚ್ಚುಕಡಮೆ ಇದೇ ಹದವೆಂಬುದು ರೇಷ್ಮೆಯ ಕೆಲಸ ಬಲ್ಲವರಿಗೆ ಗೊತ್ತು. ನಮ್ಮ ಬಯಲುಸೀಮೆಯ ಹಗಲು ಬೆಚ್ಚಗಿರುವುದೇನೋ ನಿಜ. ಆದರೆ ಮಾಗಿಯ ರಾತ್ರಿಗಳಲ್ಲಿ ಚಿಕ್ಕ ಬೋಗುಣಿಯ ನೀರು ಬೇಗ ತಣ್ಣಗಾಗುತ್ತದೆ. ಕಿಟಕಿಯ ಬಳಿ ಇಟ್ಟ ಬೋಗುಣಿ ಬೇಸಗೆಯ ಮಧ್ಯಾಹ್ನ ಕಾಯುತ್ತದೆ, ಇರುಳು ಆರುತ್ತದೆ. ಈ ಏರಿಳಿತದಿಂದ ಮೀನು ಕುಗ್ಗಿ ರೋಗಕ್ಕೆ ಎಡೆಯಾಗುತ್ತದೆ.

ನಾಲ್ಕನೆಯದು, ಅತಿಯಾದ ಅಕ್ಕರೆ. ಬಂದ ನೆಂಟರೆಲ್ಲರೂ ಒಂದೊಂದು ಚಿಟಿಕೆ ಆಹಾರವನ್ನು ಹಾಕುವರು. ಮೀನಿನ ಹೊಟ್ಟೆಯಾದರೋ ಬಹಳ ಚಿಕ್ಕದು. ದಿನಕ್ಕೆ ಎರಡು ಸಲ ಕೆಲವೇ ಕಾಳುಗಳು ಸಾಕು. ವಾರಕ್ಕೊಂದು ದಿನ ಉಪವಾಸವಿಟ್ಟರೂ ಕೇಡಿಲ್ಲ. ಇದು ಸ್ವಭಾವತಃ ಹುಳುಹುಪ್ಪಟೆಗಳನ್ನು ತಿನ್ನುವ ಮೀನು. ಸೊಳ್ಳೆಯ ಮರಿಹುಳು ಇದಕ್ಕೆ ಮೃಷ್ಟಾನ್ನ. ಅನ್ನದ ಅಗುಳು, ಪುರಿ, ಬಿಸ್ಕತ್ತಿನ ಪುಡಿ ಇವು ಇದರ ಆಹಾರವಲ್ಲ.

ಮುಪ್ಪಿನ ಲಕ್ಷಣಗಳು

ಮುಪ್ಪು ಬಂದ ಮೀನಿನ ಬಣ್ಣ ಮಸುಕಾಗುತ್ತದೆ. ರೆಕ್ಕೆಗಳ ಅಂಚು ಹರಿದಂತಾಗುತ್ತದೆ. ಬೆನ್ನು ಸ್ವಲ್ಪ ಬಾಗುತ್ತದೆ. ಆಹಾರವನ್ನು ಕಂಡರೂ ತಡವಾಗಿ ಬರುತ್ತದೆ. ಬಹುಹೊತ್ತು ಎಲೆಯ ಮೇಲೋ ತಳದಲ್ಲೋ ಒರಗಿಕೊಂಡಿರುತ್ತದೆ. ಇವು ರೋಗದ ಲಕ್ಷಣಗಳೂ ಆಗಿರಬಹುದಾದ್ದರಿಂದ ಮೊದಲು ನೀರನ್ನು ಪರೀಕ್ಷಿಸಿ ಸರಿಪಡಿಸಬೇಕು. ಹೊಟ್ಟೆಯುಬ್ಬಿ ಹುರುಪೆಗಳೆಲ್ಲ ಎದ್ದು ನಿಂತರೆ ಅದು ಜಲೋದರ. ಅದರಿಂದ ಚೇತರಿಸಿಕೊಳ್ಳುವ ಮೀನುಗಳು ಕಡಮೆ. ಮುಪ್ಪಿನಿಂದಲೇ ಕುಗ್ಗಿರುವ ಮೀನಿಗೆ ನೀರಿನ ಮಟ್ಟವನ್ನು ತಗ್ಗಿಸಿ, ಉಸಿರಿಗೆ ಮೇಲೇರುವ ಶ್ರಮವನ್ನು ಕಡಮೆ ಮಾಡುವುದು ಒಂದು ಉಪಕಾರ. ಬಹಳವಾಗಿ ನರಳುತ್ತಿದ್ದರೆ ಪಶುವೈದ್ಯರ ಸಲಹೆಯನ್ನು ಕೇಳಬೇಕು. ಇಂತಹ ಸಮಯದಲ್ಲಿ ಮಕ್ಕಳಿಗೆ, “ನಮ್ಮ ಮೀನಿಗೆ ವಯಸ್ಸಾಗಿದೆ, ಇನ್ನು ಹೆಚ್ಚು ದಿನ ಇರಲಾರದು” ಎಂದು ಮುಂಚಿತವಾಗಿಯೇ ತಿಳಿಸುವುದು ಒಳ್ಳೆಯದು. ಕಾಯ್ದು ಬಂದ ದುಃಖವು ಹಠಾತ್ತಾಗಿ ಬಂದುದಕ್ಕಿಂತ ಸಹಿಸಲು ಸುಲಭ.

ಹೊಳೆಗೆ ಬಿಡಬಾರದು

ಮುಳ್ಳೂರು ಕಾವೇರಿಯ ದಡದ ಊರು. ಹೊಳೆ ಹತ್ತಿರವಿರುವ ಕಡೆ, ಕಾಯಿಲೆಯ ಮೀನನ್ನು ಹೊಳೆಗೆ ಬಿಟ್ಟರೆ ಅದು ಸ್ವತಂತ್ರವಾಗಿ ಬದುಕಿಕೊಂಡೀತೆಂದು ಮಕ್ಕಳಿಗೂ ದೊಡ್ಡವರಿಗೂ ತೋರುವುದು ಸಹಜ. ಇದು ದಯೆಯಂತೆ ಕಂಡರೂ ದಯೆಯಲ್ಲ. ನಿಂತ ನೀರಿನ ಈ ಮೀನು ಉದ್ದವಾದ ರೆಕ್ಕೆಗಳ ಭಾರದಿಂದ ಹರಿವಿಗೆ ಎದುರಾಗಿ ಈಜಲಾರದು. ಸ್ವಲ್ಪ ಹೊತ್ತಿನಲ್ಲಿಯೇ ದೊಡ್ಡ ಮೀನಿಗೋ ಹಕ್ಕಿಗೋ ತುತ್ತಾಗುತ್ತದೆ. ಒಂದು ವೇಳೆ ಉಳಿದರೆ ಕೇಡು ಇನ್ನೂ ಹೆಚ್ಚು. ತೊಟ್ಟಿಯ ರೋಗಗಳು ಹೊಳೆಯ ಮೀನುಗಳಿಗೆ ಹರಡಬಹುದು. ಆಸ್ಟ್ರೇಲಿಯದ ಉತ್ತರ ಭಾಗದ ನದಿಯೊಂದರ ಬಯಲಿನಲ್ಲಿ ಈ ಪರದೇಶದ ಮೀನು ಬೇರೂರಿರುವುದನ್ನು ಅಲ್ಲಿಯ ಪ್ರಾಣಿಶಾಸ್ತ್ರಜ್ಞರು ಕಂಡಿದ್ದಾರೆ. ನಮ್ಮ ಕಾವೇರಿಯಲ್ಲಿಯೇ ಹುಟ್ಟಿದ, ಬೇರೆಲ್ಲಿಯೂ ಇಲ್ಲದ, ಬೆನ್ನುಬ್ಬಿದ ದೊಡ್ಡ ಮಶೀರ್ ಮೀನು ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅದರ ಮನೆಗೆ ಹೊಸ ತೊಂದರೆಯನ್ನು ಕಳುಹಿಸುವುದು ನಮಗೆ ತರವಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಾವೇರಿ ಉಕ್ಕಿ ಮುಳ್ಳೂರಿನ ಕಡೆಯ ಹಳ್ಳಿಗಳಿಗೆ ನುಗ್ಗಿದುದನ್ನು ಎಲ್ಲರೂ ಬಲ್ಲರು. ಹೊಳೆಯ ದಡದಲ್ಲಿರುವವರು ಇಂತಹ ತೊಟ್ಟಿಗಳನ್ನು ನೆಲದ ಮೇಲಿಡದೆ ಎತ್ತರದಲ್ಲಿಡುವುದು ಮೀನಿಗೂ ಕ್ಷೇಮ, ಹೊಳೆಗೂ ಕ್ಷೇಮ.

ಸತ್ತ ಮೀನನ್ನು ಮಣ್ಣು ಮಾಡುವುದೇ ಸರಿಯಾದ ಕ್ರಮ. ಕಿವಿರಿನ ಚಲನೆ ನಿಂತಿದೆಯೆಂದು ಕೆಲವು ನಿಮಿಷ ನೋಡಿ ನಿಶ್ಚಯಮಾಡಿಕೊಂಡು, ಬೆಕ್ಕು ಕೆದಕದಂತೆ ಒಂದು ಮೊಳ ಆಳದಲ್ಲಿ, ಮಲ್ಲಿಗೆಯ ಬುಡದಲ್ಲೋ ಹಿತ್ತಿಲಿನ ಮೂಲೆಯಲ್ಲೋ ಹೂಳಬಹುದು. ತೊಟ್ಟಿಯನ್ನು ಮುಟ್ಟಿದ ಕೈಗಳನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ಕೈಯಲ್ಲಿ ಗಾಯವಿರುವವರು ಆ ನೀರನ್ನು ಮುಟ್ಟದಿರುವುದೇ ಲೇಸು.

ಮಕ್ಕಳಿಗೆ ಹೇಳತಕ್ಕ ರೀತಿ

“ನಿನ್ನೆ ಮೀನಿನ ಸಾರು ಉಂಡವಳು ಇಂದು ಮೀನಿಗಾಗಿ ಅಳುವುದೇ?” ಎಂದು ನಗುವವರು ಮನೆಮನೆಗೂ ಇರುವರು. ಹೊಳೆಯ ದಡದ ಊರುಗಳಲ್ಲಿ ಮೀನು ಗಾಳಕ್ಕೆ ಬೀಳುವ, ಬಲೆಗೆ ಸಿಕ್ಕುವ, ಒಲೆಯ ಮೇಲೆ ಬೇಯುವ ಪದಾರ್ಥವೆಂಬುದು ನಿಜವೇ. ಆದರೆ ಮಗುವು ಅಳುವುದು ಮೀನೆಂಬ ಜಾತಿಗಾಗಿ ಅಲ್ಲ. ತಾನು ಹೆಸರಿಟ್ಟು, ದಿನವೂ ಎರಡು ಸಲ ತಿನ್ನಿಸಿ, ತನ್ನ ಹೆಜ್ಜೆಯ ಸದ್ದಿಗೆ ಗಾಜಿನ ಬಳಿಗೆ ಬರುತ್ತಿದ್ದ ಒಂದು ಜೀವಕ್ಕಾಗಿ. ಹೊಣೆ ಹೊತ್ತ ಕಡೆಯಲ್ಲಿಯೇ ಪ್ರೀತಿ ಬೆಳೆಯುತ್ತದೆ. ಆ ಅಳುವನ್ನು ಹಾಸ್ಯಮಾಡಿದರೆ, ಮುಂದೆ ದೊಡ್ಡ ದುಃಖ ಬಂದಾಗ ಆ ಮಗು ನಮ್ಮೆದುರಿಗೆ ಬಾಯಿ ಬಿಡುವುದಿಲ್ಲ.

1948ರಲ್ಲಿ ಮರಿಯಾ ನಾಗಿ ಎಂಬ ವಿದುಷಿಯು ಹಂಗೇರಿ ದೇಶದ ಮಕ್ಕಳ ಮಾತುಗಳನ್ನು ಸಂಗ್ರಹಿಸಿ, ಮರಣವನ್ನು ಕುರಿತು ಅವರು ಏನು ಭಾವಿಸುವರೆಂಬುದನ್ನು ಪ್ರಕಟಿಸಿದಳು. 5 ವರ್ಷಕ್ಕೆ ಕೆಳಗಿನವರು ಮರಣವನ್ನು ನಿದ್ರೆಯಂತೆ, ಪ್ರಯಾಣದಂತೆ, ತಿರುಗಿ ಬರಬಹುದಾದುದೆಂದು ತಿಳಿಯುವರು; 9 ವರ್ಷ ದಾಟಿದವರು ಅದು ಎಲ್ಲರಿಗೂ ತಪ್ಪದೆಂಬುದನ್ನು ಅರಿಯುವರು ಎಂದು ಅವಳು ಕಂಡಳು. ಇನ್ನೂ ಮೊದಲೇ, 5ರಿಂದ 7ರ ವಯಸ್ಸಿನೊಳಗೆ, ಬಹುಮಂದಿ ಮಕ್ಕಳು ಸತ್ತದ್ದು ತಿರುಗಿ ಬಾರದೆಂಬುದನ್ನು ಗ್ರಹಿಸುವರೆಂದು ಈಚಿನ ಶೋಧನೆಗಳು ತೋರಿಸಿವೆ. ಇದರಿಂದ ನಾವು ಕಲಿಯತಕ್ಕದ್ದೇನೆಂದರೆ, “ಮೀನು ಮಲಗಿದೆ” ಎಂದಾಗಲಿ “ಊರಿಗೆ ಹೋಗಿದೆ” ಎಂದಾಗಲಿ ಚಿಕ್ಕ ಮಗುವಿಗೆ ಹೇಳಬಾರದು. ಮಲಗಿದೆಯೆಂದರೆ ಅದು ರಾತ್ರಿ ಮಲಗಲು ಅಂಜೀತು. ಊರಿಗೆ ಹೋಗಿದೆಯೆಂದರೆ ದಿನವೂ ದಾರಿ ಕಾಯ್ದೀತು. “ಮೀನು ಸತ್ತುಹೋಯಿತು, ಇನ್ನು ಅದು ಉಸಿರಾಡುವುದಿಲ್ಲ, ಅದಕ್ಕೆ ನೋವೂ ಇಲ್ಲ, ಅದು ತಿರುಗಿ ಬರುವುದಿಲ್ಲ” ಎಂದು ಸರಳವಾಗಿ ಹೇಳಬೇಕು. ಆ ಬಳಿಕ ತಮ್ಮ ತಮ್ಮ ಮನೆಯ ನಂಬಿಕೆಗೆ ಅನುಗುಣವಾದ ಸಾಂತ್ವನದ ಮಾತುಗಳನ್ನು ಹೇಳಬಹುದು.

ಮಗು ಶಾಲೆಯಿಂದ ಬರುವುದರೊಳಗಾಗಿ ಅದೇ ಬಣ್ಣದ ಇನ್ನೊಂದು ಮೀನನ್ನು ತಂದು ಗುಟ್ಟಾಗಿ ಬಿಡುವ ಪೋಷಕರೂ ಉಂಟು. ಅವರ ಉದ್ದೇಶ ಒಳ್ಳೆಯದೇ. ಆದರೆ ಮಕ್ಕಳ ಕಣ್ಣು ಸೂಕ್ಷ್ಮ. ಗುಟ್ಟು ತಿಳಿದಾಗ ಅವರಿಗೆ ಮೀನಿನ ಜೊತೆಗೆ ತಾಯಿತಂದೆಯ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಹೊಸ ಮೀನನ್ನು ತರುವುದಾದರೆ ಕೆಲವು ವಾರಗಳು ಕಳೆಯಲಿ, ಮಗುವೇ ಕೇಳಲಿ, ಹೊಸದಕ್ಕೆ ಹೊಸ ಹೆಸರಿರಲಿ.

“ನಾನೇ ಅದನ್ನು ಕೊಂದೆನೇ?” ಎಂಬ ಪ್ರಶ್ನೆ ಅನೇಕ ಮಕ್ಕಳ ಮನಸ್ಸಿನಲ್ಲಿ ಏಳುತ್ತದೆ, ಬಾಯಿಗೆ ಬರುವುದಿಲ್ಲ. ಹಿರಿಯರೇ ಅದನ್ನು ಎತ್ತಿ ಉತ್ತರಿಸಬೇಕು. ಮೀನಿಗೆ ವಯಸ್ಸಾಗಿದ್ದರೆ ಹಾಗೆಂದು ಹೇಳಬೇಕು. ಆರೈಕೆಯಲ್ಲಿ ಲೋಪವಿದ್ದರೆ ಅದನ್ನು ಮರೆಮಾಚದೆ, ತಪ್ಪನ್ನು ಮಗುವಿನ ಮೇಲೆ ಹೊರಿಸದೆ, “ನೀರಿನ ವಿಷಯ ನಮಗೆ ತಿಳಿದಿರಲಿಲ್ಲ, ಈಗ ತಿಳಿಯಿತು” ಎನ್ನಬೇಕು. ಮನೆಯಲ್ಲಿ ಹಿರಿಯರು ಹೊಣೆ ಹೊರುವುದನ್ನು ಕಂಡ ಮಗು ತಾನೂ ಹೊಣೆ ಹೊರಲು ಕಲಿಯುತ್ತದೆ. ಮೀನನ್ನು ತಂದ ದಿನ, ಅದರ ಬಣ್ಣ, ಅದರ ಚೇಷ್ಟೆಗಳು, ಅದು ಕಟ್ಟಿದ ನೊರೆಯ ಗೂಡು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದು ಚಿತ್ರ ತೆಗೆಯುವುದು ಮನಸ್ಸಿಗೆ ಹಗುರ. ಹೊಸ ಮೀನಿನ ಆರೈಕೆಗೂ ಅದೇ ಕೈಪಿಡಿ. ವಾರಗಟ್ಟಲೆ ಊಟ ನಿದ್ರೆಗಳು ತಪ್ಪಿದರೆ ಮಾತ್ರ ದುಃಖದ ಹಿಂದೆ ಬೇರೇನಾದರೂ ಇದೆಯೇ ಎಂದು ವಿಚಾರಿಸಿ ವೈದ್ಯರನ್ನು ಕಾಣಬೇಕು.

ದುಃಖವು ಮಕ್ಕಳಿಗೆ ಮಾತ್ರವೇ ಅಲ್ಲ. ಮಕ್ಕಳು ದೂರದ ಊರುಗಳಿಗೆ ಹೋದ ಮೇಲೆ ಒಂಟಿಯಾಗಿರುವ ತಾಯಿಗೂ, ಪಟ್ಟಣದ ಬಾಡಿಗೆಯ ಕೋಣೆಯಲ್ಲಿ ಉದ್ಯೋಗ ಮಾಡಿಕೊಂಡಿರುವ ಹೆಣ್ಣುಮಗಳಿಗೂ ಗಾಜಿನ ತೊಟ್ಟಿಯೊಂದು ಸಂಗಾತಿಯಾಗಿರಬಹುದು. ಅಂತಹವರ ಮೀನು ಸತ್ತಿತೆಂದು ಕೇಳಿದಾಗ “ಒಂದು ಮೀನಷ್ಟೆ” ಎನ್ನದೆ, ಎರಡು ನಿಮಿಷ ಕುಳಿತು ಅದರ ವಿಚಾರವನ್ನು ಕೇಳುವುದು ಸಣ್ಣ ಉಪಕಾರವಲ್ಲ.

ಆದುದರಿಂದ, ಪೋಷಕರೇ, ಮೀನನ್ನು ತರುವ ಮೊದಲು ತೊಟ್ಟಿಯನ್ನೂ ನೀರನ್ನೂ ಅಣಿಮಾಡಿರಿ; ಅದರ ಆಯುಸ್ಸೆಷ್ಟೆಂಬುದನ್ನು ಮಗುವಿನ ಕೈಯಲ್ಲಿಯೇ ಲೆಕ್ಕ ಹಾಕಿಸಿರಿ; ಇರುವಷ್ಟು ದಿನ ಅದಕ್ಕೆ ಶುದ್ಧವಾದ ನೀರು, ಹದವಾದ ಬೆಚ್ಚಗೆ, ಮಿತವಾದ ಆಹಾರ ದೊರೆಯುವಂತೆ ನೋಡಿಕೊಳ್ಳಿರಿ; ಅದು ಹೋದ ದಿನ ಮಗುವಿಗೆ ಸತ್ಯವನ್ನು ಹೇಳಿ ಅದರ ಪಕ್ಕದಲ್ಲಿ ಕುಳಿತುಕೊಳ್ಳಿರಿ.