ಬೀಗ ಹಾಕಿದ ಮನೆಯ ಮಗು ಯಾವ ಲೆಕ್ಕಕ್ಕೆ?

ದೀಪಾವಳಿ ಆಸುಪಾಸಿಗೆ ವಿಜಯಪುರ ಜಿಲ್ಲೆಯ ಝಳಕಿಯ ಸುತ್ತಲ ಊರುಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗ್‌ಗಳು ಗುಳೆ ಹೊರಡುವ ಕಾಲವದು. ಮಕ್ಕಳ ಕಲಿಕೆಯನ್ನು ಅಳೆಯುವ ಸಮೀಕ್ಷೆಗಳು ನಡೆಯುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ.

‘ಪ್ರಥಮ್’ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆಯನ್ನೇ ನೋಡಿ. ಒಂದು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಸ್ವಯಂಸೇವಕರು ಊರಿನ ನಕಾಶೆ ಬರೆದು ನಾಲ್ಕು ಭಾಗ ಮಾಡುತ್ತಾರೆ. ಪ್ರತಿ ಭಾಗದಲ್ಲೂ ಎಡಗಡೆಯಿಂದ ಎಣಿಸುತ್ತ ಐದನೇ ಮನೆಗೊಮ್ಮೆ ಬಾಗಿಲು ತಟ್ಟಿ, ಮಗುವಿನ ಕೈಗೆ ಅಕ್ಷರ, ಪದ, ಪುಟ್ಟ ಕಥೆಯ ಹಾಳೆ ಕೊಟ್ಟು ಓದಿಸುತ್ತಾರೆ. 2024ರಲ್ಲಿ ಹೀಗೆ 605 ಜಿಲ್ಲೆಗಳ ಸುಮಾರು ಆರೂವರೆ ಲಕ್ಷ ಮಕ್ಕಳನ್ನು ತಲುಪಿದರು. ಶಾಲೆಗೆ ಹೋಗದೆ ಮನೆಗೇ ಹೋಗುವ ಈ ಕ್ರಮದ ಬಗ್ಗೆ ನನಗೆ ಗೌರವವಿದೆ.

ಜಿಲ್ಲೆಗೆ 600 ಮನೆ ಕಡಿಮೆಯೇನಲ್ಲ. ಆದರೆ ಎಲ್ಲ ಮನೆಯಲ್ಲೂ ಮೂರನೇ ತರಗತಿಯ ಮಗು ಇರುವುದಿಲ್ಲವಲ್ಲ. ಅಂಥವರು ನೂರು ಮಂದಿ ಸಿಕ್ಕರು, ಅವರಲ್ಲಿ ಐವತ್ತು ಮಂದಿ ಕಥೆ ಓದಿದರು ಎಂದಿಟ್ಟುಕೊಳ್ಳಿ. ಆಗ ಇಡೀ ಜಿಲ್ಲೆಯ ನಿಜವಾದ ಪ್ರಮಾಣ ಶೇ 40ರಿಂದ 60ರ ನಡುವೆ ಎಲ್ಲಾದರೂ ಇರಬಹುದು. ಐವತ್ತರ ಆಚೀಚೆಗಿನ ಈ ಹತ್ತರ ಅಂತರವನ್ನು ಐದಕ್ಕಿಳಿಸಲು ಇನ್ನೂರು ಮಕ್ಕಳು ಸಾಲದು, ನಾನೂರು ಬೇಕು. ಎರಡೂವರೆಗೆ ಇಳಿಸಲು ಸಾವಿರದ ಆರುನೂರು. ಅದೂ ಮಕ್ಕಳನ್ನು ಇಡೀ ಜಿಲ್ಲೆಯಿಂದ ಚೀಟಿ ಎತ್ತಿ ಆರಿಸಿದಾಗಿನ ಮಾತು. ಒಂದೇ ಊರಿನ ಮಕ್ಕಳಿಗೆ ಅದೇ ಶಾಲೆ, ಅದೇ ಮೇಷ್ಟ್ರು. ಒಬ್ಬರ ಓದು ಇನ್ನೊಬ್ಬರದನ್ನು ಹೋಲುತ್ತದೆ. ಹಾಗಾಗಿ ಒಂದೇ ಹಳ್ಳಿಯ ಇಪ್ಪತ್ತು ಮನೆಗಳು ಕೊಡುವ ಮಾಹಿತಿ, ಇಪ್ಪತ್ತು ಬೇರೆ ಬೇರೆ ಹಳ್ಳಿಗಳ ಒಂದೊಂದು ಮನೆ ಕೊಡುವಷ್ಟು ಇರುವುದಿಲ್ಲ. ಇಷ್ಟೆಲ್ಲ ಇದ್ದೂ ಅರ್ಧ ಅಂಕದ ವ್ಯತ್ಯಾಸ ಹಿಡಿದು ಒಂದು ಜಿಲ್ಲೆಯನ್ನು ಮುಂದೆ, ಇನ್ನೊಂದನ್ನು ಹಿಂದೆ ನಿಲ್ಲಿಸಿ, ಶಿಕ್ಷಕರನ್ನು ತರಾಟೆಗೆ ತೆಗೆದುಕೊಳ್ಳುವುದು ಅನ್ಯಾಯ.

ಹಾಗಾದರೆ ಮಕ್ಕಳ ಸಂಖ್ಯೆ ಹೆಚ್ಚಿಸಿಬಿಟ್ಟರಾಯಿತೇ? 2021ರ ನವೆಂಬರ್ 12ರಂದು ನಡೆದ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ಸುಮಾರು 34 ಲಕ್ಷ ವಿದ್ಯಾರ್ಥಿಗಳಿದ್ದರು. ಪರೀಕ್ಷೆ ಬರೆದವರು ಅಂದು ಶಾಲೆಯಲ್ಲಿದ್ದ ಮಕ್ಕಳು ಮಾತ್ರ. ಅಪ್ಪ-ಅವ್ವನ ಜೊತೆ ಕಬ್ಬಿನ ಗದ್ದೆಗೆ ಹೋದ ಮಗು 34 ಲಕ್ಷದಲ್ಲೂ ಇಲ್ಲ, 340 ಲಕ್ಷ ಮಾಡಿದರೂ ಇರುವುದಿಲ್ಲ. ಸಂಖ್ಯೆ ಬೆಳೆದಂತೆ ಆಕಸ್ಮಿಕದ ತಪ್ಪು ಕರಗುತ್ತದೆ, ಹೊರಗುಳಿದವರಿಂದಾದ ತಪ್ಪು ಹಾಗೇ ಉಳಿಯುತ್ತದೆ.

ಮನೆಮನೆ ಸಮೀಕ್ಷೆಗೂ ಈ ತೊಡಕು ತಪ್ಪಿದ್ದಲ್ಲ. ಬೀಗ ಹಾಕಿದ ಮನೆ ಸಿಕ್ಕರೆ ಪಕ್ಕದ ಮನೆಗೆ ಹೋಗಬೇಕೆಂಬುದು ಅಲ್ಲಿನ ಸೂಚನೆ. ಇಪ್ಪತ್ತು ಮನೆಯ ಲೆಕ್ಕವೇನೋ ಭರ್ತಿಯಾಗುತ್ತದೆ. ಆದರೆ ಗುಳೆ ಹೋದವರ ಜಾಗಕ್ಕೆ ಊರಲ್ಲೇ ಉಳಿದವರು, ಅಂದರೆ ಬಹುಪಾಲು ಹೊಲ ಇದ್ದವರೋ ತಿಂಗಳ ಸಂಬಳದವರೋ, ಬಂದು ಕೂರುತ್ತಾರೆ.

ನಮ್ಮ ಭಾಗಕ್ಕೆ ಬೇಕಿರುವುದು ಇನ್ನೊಂದು ಸುತ್ತು. ಕಬ್ಬಿನ ಹಂಗಾಮು ಮುಗಿದು ಗ್ಯಾಂಗ್‌ಗಳು ಮರಳಿದ ಮೇಲೆ, ಜೂನ್ ಬಿತ್ತನೆಯ ಹೊತ್ತಿಗೆ, ಮೊದಲ ಸುತ್ತಿನಲ್ಲಿ ಬೀಗ ಕಂಡ ಮನೆಗಳಿಗೇ ಹೋಗಿ ಆ ಮಕ್ಕಳ ಮುಂದೆ ಅದೇ ಹಾಳೆ ಇಡಬೇಕು. ಜಿಲ್ಲೆಗೆ ಐವತ್ತೇ ಮಕ್ಕಳು ಸಿಕ್ಕರೂ ಸರಿ. ಅವರ ಫಲಿತಾಂಶವನ್ನು ಉಳಿದವರದರಲ್ಲಿ ಬೆರೆಸದೆ, ಬೇರೆಯಾಗಿಯೇ ಅಚ್ಚು ಹಾಕಲಿ.