ವೋಲ್ಟ್, ಆಂಪಿಯರ್ ಮತ್ತು ವಿದ್ಯುತ್ ಬಿಲ್ಲು: ಸಣ್ಣ ಉದ್ಯಮಿಗಳು ತಿಳಿದಿರಬೇಕಾದ ಲೆಕ್ಕ

ಸಣ್ಣ ಕೈಗಾರಿಕೆಗಳಲ್ಲಿ ಕಚ್ಚಾ ಸಾಮಗ್ರಿ, ಕೂಲಿ ಮತ್ತು ಬಡ್ಡಿಯ ಮೇಲೆ ಮಾಲೀಕರಿಗೆ ಇರುವಷ್ಟು ನಿಗಾ ವಿದ್ಯುತ್ ವೆಚ್ಚದ ಮೇಲೆ ಇರುವುದಿಲ್ಲ. ಬಿಲ್ಲು ಬಂದೊಡನೆ ಪಾವತಿಸಿ ಖರ್ಚಿಗೆ ಬರೆಯಲಾಗುತ್ತದೆ. ಆ ಮೊತ್ತದಲ್ಲಿ ಯಂತ್ರಗಳು ಮಾಡಿದ ಕೆಲಸಕ್ಕೆ ಸಂದುದೆಷ್ಟು, ತಂತಿಗಳಲ್ಲಿ ಶಾಖವಾಗಿ ಪೋಲಾದುದೆಷ್ಟು ಎಂಬ ವಿಂಗಡಣೆ ಯಾವ ಖಾತೆಯಲ್ಲೂ ಕಾಣಸಿಗದು. ಇದನ್ನು ಅಂದಾಜು ಮಾಡಲು ವೋಲ್ಟೇಜ್ ಮತ್ತು ಕರೆಂಟ್ ಎಂಬ ಎರಡು ಅಳತೆಗಳಿಂದ ಆರಂಭಿಸಬಹುದು.

ಮೂಲ ಸೂತ್ರಗಳು

ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಿಂದ ಮೊದಲ ಸೂತ್ರ ದೊರೆಯುತ್ತದೆ. ಬಳಕೆಗೆ ಬೇಕಾದ ಸೂತ್ರಗಳು ಮೂರು:

1. ರೋಧ (ಓಮ್) = ವೋಲ್ಟ್ ÷ ಆಂಪಿಯರ್
2. ಸಾಮರ್ಥ್ಯ (ವಾಟ್) = ವೋಲ್ಟ್ × ಆಂಪಿಯರ್
3. ಶಾಖವಾಗಿ ಹೋಗುವ ಸಾಮರ್ಥ್ಯ (ವಾಟ್) = ಆಂಪಿಯರ್ × ಆಂಪಿಯರ್ × ರೋಧ

ಸಾವಿರ ವಾಟ್‌ನ ಉಪಕರಣವು ಒಂದು ಗಂಟೆ ನಡೆದರೆ ಬಿಲ್ಲಿನಲ್ಲಿ ಒಂದು ಯೂನಿಟ್ ದಾಖಲಾಗುತ್ತದೆ.

ಹೀಟರ್‌ನ ಉದಾಹರಣೆ

230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುವ ಹೀಟರ್ ಒಂದಿದೆ ಎಂದಿಟ್ಟುಕೊಳ್ಳೋಣ. ಅದರ ಸಾಮರ್ಥ್ಯ ಸುಮಾರು 2,000 ವಾಟ್; ರೋಧ ಸುಮಾರು 26.4 ಓಮ್. ವೋಲ್ಟೇಜ್ 200ಕ್ಕೆ ಇಳಿದರೂ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದುದರಿಂದ ಕರೆಂಟ್ 7.58 ಆಂಪಿಯರ್‌ಗೂ ಸಾಮರ್ಥ್ಯ ಸುಮಾರು 1,515 ವಾಟ್‌ಗೂ ಇಳಿಯುತ್ತದೆ. ವೋಲ್ಟೇಜ್ ಶೇ. 13ರಷ್ಟು ಕುಸಿದರೆ ಶಾಖವು ಶೇ. 24ರಷ್ಟು ಕುಸಿಯುತ್ತದೆ. ಇದನ್ನು ಉಳಿತಾಯವೆಂದು ಭಾವಿಸಲಾಗದು. ಬೇಕಾದ ಶಾಖ ಅಷ್ಟೇ ಆದ್ದರಿಂದ ಕೆಲಸಕ್ಕೆ ಹಿಡಿಯುವ ಸಮಯ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಕಾರ್ಮಿಕರ ವೇಳೆ ವ್ಯರ್ಥವಾಗುತ್ತದೆ.

ಮೋಟಾರಿನ ನಡವಳಿಕೆ ಇದಕ್ಕೆ ವಿರುದ್ಧವಾದುದು. ಪೂರ್ಣ ಹೊರೆ ಹೊತ್ತ ಮೋಟಾರು ವೋಲ್ಟೇಜ್ ಕಡಿಮೆಯಾದಾಗ ಹೆಚ್ಚು ಕರೆಂಟ್ ಎಳೆಯುತ್ತದೆ. ಮೂರನೆಯ ಸೂತ್ರದಂತೆ ಅದರ ಸುರುಳಿಯಲ್ಲಿ ಶಾಖವೇರಿ ಮೋಟಾರು ಸುಟ್ಟುಹೋಗುವ ಸಂಭವವಿದೆ.

ಸಣ್ಣ ತಂತಿಯ ದೊಡ್ಡ ವೆಚ್ಚ

ವೈರಿಂಗ್ ಮಾಡಿಸುವಾಗ ತೆಳುವಾದ ತಂತಿ ಬಳಸಿ ಹಣ ಉಳಿಸುವ ಪರಿಪಾಠ ಹಲವೆಡೆ ಉಂಟು. ಸ್ವಿಚ್ ಬೋರ್ಡಿನಿಂದ 40 ಮೀಟರ್ ದೂರದ ಹೀಟರ್ ಒಂದು 16 ಆಂಪಿಯರ್ ಎಳೆಯುತ್ತಿದೆ ಎನ್ನೋಣ. ಹೋಗಿಬರುವ ತಂತಿಯ ಉದ್ದ 80 ಮೀಟರ್. 2.5 ಚದರ ಮಿ.ಮೀ. ತಾಮ್ರದ ತಂತಿಯಾದರೆ ರೋಧ ಸುಮಾರು 0.59 ಓಮ್, 4 ಚದರ ಮಿ.ಮೀ. ಆದರೆ ಸುಮಾರು 0.37 ಓಮ್. ಮೊದಲನೆಯದರಲ್ಲಿ 151 ವಾಟ್, ಎರಡನೆಯದರಲ್ಲಿ 95 ವಾಟ್ ನಷ್ಟವಾಗುತ್ತದೆ. ವ್ಯತ್ಯಾಸ 56 ವಾಟ್.

ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ನಡೆದರೆ ವ್ಯತ್ಯಾಸವು 168 ಯೂನಿಟ್ ಆಗುತ್ತದೆ. ಯೂನಿಟ್‌ಗೆ 8 ರೂಪಾಯಿ ಎಂದು ಇಟ್ಟುಕೊಂಡರೂ ವರ್ಷಕ್ಕೆ 1,344 ರೂಪಾಯಿ. ತಂತಿ ಕೊಳ್ಳುವ ಹೆಚ್ಚುವರಿ ವೆಚ್ಚ ಒಂದು ಬಾರಿಯದು. ಈ ನಷ್ಟವಾದರೋ ಪ್ರತಿ ವರ್ಷದ್ದು. ಎರಡನ್ನೂ ಹೋಲಿಸಿ, ಹೆಚ್ಚುವರಿ ಬಂಡವಾಳ ಎಷ್ಟು ತಿಂಗಳಲ್ಲಿ ಮರಳುವುದೆಂದು ನೋಡಿದ ನಂತರವೇ ತಂತಿಯ ಗಾತ್ರವನ್ನು ನಿರ್ಧರಿಸುವುದು ಒಳಿತು.

ಸಡಿಲ ಜೋಡಣೆಯ ಅಪಾಯ

ಹಣಕ್ಕಿಂತ ಗಂಭೀರವಾದ ಸಂಗತಿ ಮತ್ತೊಂದಿದೆ. ಸಡಿಲಗೊಂಡ ಸ್ಕ್ರೂ ಅಥವಾ ಕಿಲುಬು ಹಿಡಿದ ಜೋಡಣೆಯಲ್ಲಿ ಕೇವಲ 0.1 ಓಮ್ ರೋಧ ಸೇರಿಕೊಂಡಿತೆನ್ನೋಣ. 20 ಆಂಪಿಯರ್ ಹರಿದಾಗ ಅಲ್ಲಿ 40 ವಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಸಾಲ್ಡರಿಂಗ್ ಕಡ್ಡಿಗೆ ಅಷ್ಟೇ ವಾಟ್ ಸಾಕು. ಕರೆಂಟ್ ಮಿತಿ ಮೀರದಿರುವುದರಿಂದ ಎಂಸಿಬಿ ಬೀಳುವುದಿಲ್ಲ; ಶಾಖ ಮಾತ್ರ ಏರುತ್ತಲೇ ಇರುತ್ತದೆ. ಗೋದಾಮಿನ ಬೋರ್ಡಿನಲ್ಲಿ ಸುಟ್ಟ ವಾಸನೆ, ಬಣ್ಣ ಕೆಟ್ಟ ಪ್ಲಗ್ಗು ಅಥವಾ ಮೆತ್ತಗಾದ ತಂತಿಯ ಹೊದಿಕೆ ಕಂಡುಬಂದಲ್ಲಿ ಕೂಡಲೇ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಿ ಪರಿಶೀಲಿಸಬೇಕು.

ಪವರ್ ಫ್ಯಾಕ್ಟರ್

ಮೋಟಾರುಗಳಿಗೆ ಮೇಲಿನ ಮೊದಲೆರಡು ಸೂತ್ರಗಳನ್ನು ನೇರವಾಗಿ ಅನ್ವಯಿಸುವಂತಿಲ್ಲ. ಮೂರು ಫೇಸಿನ ಮೋಟಾರು 415 ವೋಲ್ಟ್‌ನಲ್ಲಿ 14 ಆಂಪಿಯರ್ ಎಳೆದರೆ 1.732 × 415 × 14, ಅಂದರೆ ಸುಮಾರು 10.06 ಕೆವಿಎ ಆಗುತ್ತದೆ. ಪವರ್ ಫ್ಯಾಕ್ಟರ್ 0.80 ಇದ್ದಲ್ಲಿ ಅದು ನಿಜವಾಗಿ ಬಳಸುವುದು 8.05 ಕಿಲೋವಾಟ್ ಮಾತ್ರ. ಸೂಕ್ತ ಕೆಪಾಸಿಟರ್ ಅಳವಡಿಸಿ ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಿದರೆ, ಅದೇ ಕೆಲಸಕ್ಕೆ ಲೈನಿನಿಂದ ಬರುವ ಕರೆಂಟ್ ಸುಮಾರು 11.8 ಆಂಪಿಯರ್‌ಗೆ ಇಳಿಯುತ್ತದೆ. ಕೆಪಾಸಿಟರ್‌ವರೆಗಿನ ತಂತಿಯಲ್ಲಿ ಆಗುವ ಶಾಖನಷ್ಟ ಶೇ. 29ರಷ್ಟು ತಗ್ಗುತ್ತದೆ. ಕರ್ನಾಟಕದಲ್ಲಿ ಹೈಟೆನ್ಷನ್ ಗ್ರಾಹಕರ ಬೇಡಿಕೆ ಶುಲ್ಕವು ಕೆವಿಎ ಆಧಾರದ ಮೇಲಿರುವುದರಿಂದ ಅವರಿಗೆ ಇದು ನೇರ ಉಳಿತಾಯವೂ ಆಗಬಲ್ಲದು.

ಸದಸ್ಯರು ಗಮನಿಸಬೇಕಾದ ಅಂಶಗಳು

• ಪ್ರಮುಖ ಯಂತ್ರಗಳ ವೋಲ್ಟೇಜ್ ಮತ್ತು ಕರೆಂಟನ್ನು ಮೂರು ತಿಂಗಳಿಗೊಮ್ಮೆ ಅಳೆಯಿಸಿ ಒಂದು ಪುಸ್ತಕದಲ್ಲಿ ಬರೆದಿಡುವುದು.
• ಯಂತ್ರ ನಡೆಯುತ್ತಿರುವಾಗಲೇ ಮೇನ್ ಬೋರ್ಡಿನಲ್ಲಿಯೂ ಯಂತ್ರದ ಬಳಿಯೂ ವೋಲ್ಟೇಜ್ ನೋಡುವುದು. ಅಂತರ ಹೆಚ್ಚಿದ್ದರೆ ತಂತಿ ಅಥವಾ ಜೋಡಣೆಯಲ್ಲಿ ದೋಷವಿದೆಯೆಂದು ತಿಳಿಯಬೇಕು.
• ಅಳತೆಯನ್ನು ಪರವಾನಗಿ ಪಡೆದ ವೈರ್‌ಮನ್‌ನಿಂದಲೇ ಮಾಡಿಸುವುದು. ಕ್ಲಾಂಪ್ ಮೀಟರ್ ಬಳಸಿದರೆ ತಂತಿ ಕತ್ತರಿಸದೆ ಕರೆಂಟ್ ಅಳೆಯಬಹುದು.

ನಗದು ಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕೊರತೆ ಬಂದರೂ ಸಂಜೆಯೊಳಗೆ ಪತ್ತೆ ಹಚ್ಚುವ ವ್ಯಾಪಾರಸ್ಥರು ತಂತಿಯಲ್ಲಿ ಸೋರುವ ಹಣಕ್ಕೂ ಅದೇ ಶಿಸ್ತನ್ನು ಅನ್ವಯಿಸಿದಲ್ಲಿ ಲಾಭದ ಜೊತೆಗೆ ಸುರಕ್ಷತೆಯೂ ಲಭಿಸುವುದು.