ಮನೆಮೊಲದ ಬಾಣಂತನ

ಕನ್ನಡದಲ್ಲಿ ಮೊಲವೆಂಬ ಒಂದೇ ಮಾತಿನಿಂದ ನಾವು ಎರಡು ಬೇರೆ ಬೇರೆ ಪ್ರಾಣಿಗಳನ್ನು ಕರೆಯುತ್ತೇವೆ. ಹೊಲದ ಬದುಗಳಲ್ಲಿ ನೆಗೆದೋಡುವ ಕಂದುಬಣ್ಣದ ಕಾಡುಮೊಲ ಒಂದು. ಪೇಟೆಯಿಂದ ಬುಟ್ಟಿಯಲ್ಲಿ ಬಂದು ಹಿತ್ತಲಿನಲ್ಲಿ ಸೊಪ್ಪು ಮೆಲ್ಲುವ ಸಾಕುಮೊಲ ಇನ್ನೊಂದು. ಚಂದ್ರನಿಗೆ ಶಶಾಂಕನೆಂಬ ಹೆಸರು ಬಂದದ್ದೂ, ಪಂಚತಂತ್ರದ ಸಿಂಹ ಬಾವಿಗೆ ಬಿದ್ದದ್ದೂ ಮೊದಲನೆಯದರ ದೆಸೆಯಿಂದ. ಎರಡನೆಯದು ಸ್ಪೇನ್, ಪೋರ್ಚುಗಲ್ ಪ್ರಾಂತಗಳ ಮೂಲನಿವಾಸಿ. ಇಂಗ್ಲಿಷರು ಒಂದನ್ನು ಹೇರ್ ಎಂದೂ ಮತ್ತೊಂದನ್ನು ರ‍್ಯಾಬಿಟ್ ಎಂದೂ ಕರೆಯುತ್ತಾರೆ. ಈ ಭೇದ ಪಂಡಿತರಿಗೆ ಮಾತ್ರ ಬೇಕಾದದ್ದಲ್ಲ. ಕಾಡುಮೊಲದ ಮರಿ ಬಯಲಿನಲ್ಲಿ ಹುಟ್ಟುವುದರಿಂದ ಹುಟ್ಟುವಾಗಲೇ ಮೈತುಂಬ ತುಪ್ಪಳವನ್ನೂ ತೆರೆದ ಕಣ್ಣುಗಳನ್ನೂ ಪಡೆದು ಬರುತ್ತದೆ. ಸಾಕುಮೊಲದ ಪೂರ್ವಿಕರು ಬಿಲವಾಸಿಗಳು. ಅದರ ಮರಿ ಬೋಳುಮೈಯಿಂದ, ಮುಚ್ಚಿದ ಕಣ್ಣು ಕಿವಿಗಳಿಂದ ಹುಟ್ಟುತ್ತದೆ. ಬಿಲ ಒದಗಿಸುತ್ತಿದ್ದ ಕತ್ತಲೆ, ಬಿಸುಪು, ಏಕಾಂತ ಈ ಮೂರನ್ನೂ ಮನೆಯವರು ಒದಗಿಸಬೇಕು. (ಹೊಲದಲ್ಲಿ ಸಿಕ್ಕಿದ ಕಾಡುಮೊಲದ ಮರಿಯನ್ನು ಮನೆಗೆ ತಂದು ಸಾಕುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಬಿಡುವುದು ಲೇಸು, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಪ್ರಾಣಿಗೆ ರಕ್ಷಣೆ ಕೊಟ್ಟಿದೆ.)

ಹೆಣ್ಣುಮೊಲದ ಗರ್ಭಕಾಲ ಸುಮಾರು ೩೧ ದಿನ. ಗಂಡಿನೊಡನೆ ಸೇರಿದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತುಹಾಕಿಕೊಂಡರೆ ಮುಂದಿನ ಕೆಲಸವೆಲ್ಲ ಸುಗಮವಾಗುತ್ತದೆ. ಈ ಪ್ರಾಣಿಗೆ ಬೆದೆಯ ಕಾಲವೆಂಬ ಕಟ್ಟುನಿಟ್ಟಿಲ್ಲ. ಸಂಯೋಗವಾದ ಮೇಲೆಯೇ ಅಂಡ ಬಿಡುಗಡೆಯಾಗುತ್ತದೆ. ಆದಕಾರಣ ಹೆತ್ತ ದಿನವೇ ಅದು ಮತ್ತೆ ಗರ್ಭ ಧರಿಸಬಲ್ಲದು. ಹೆರಿಗೆಗೆ ಮುಂಚೆಯೇ ಗಂಡನ್ನು ಬೇರೆ ಗೂಡಿಗೆ ಕಳುಹಿಸತಕ್ಕದ್ದು. ಹದಿನೇಳು ಹದಿನೆಂಟನೆಯ ದಿನಕ್ಕೇ ಹೆಣ್ಣು ಹುಲ್ಲು ಹೊತ್ತು ತುಪ್ಪಳ ಕಿತ್ತು ಸಂಭ್ರಮಿಸಿದರೆ ಅದು ಬಹುಮಟ್ಟಿಗೆ ಸುಳ್ಳು ಬಸಿರು; ಚಿಂತೆಗೆ ಕಾರಣವಿಲ್ಲ.

೨೮ನೆಯ ದಿನ ಹೆರಿಗೆಯ ಪೆಟ್ಟಿಗೆಯನ್ನು ಗೂಡಿನೊಳಗಿಡಬೇಕು. ಅದಕ್ಕೂ ಬಹಳ ಮುಂಚೆ ಇಟ್ಟರೆ ತಾಯಿ ಅದನ್ನು ಪಾಯಿಖಾನೆಯಾಗಿ ಮಾಡಿಕೊಳ್ಳುವುದುಂಟು. ಸುಮಾರು ೧೮ ಅಂಗುಲ ಉದ್ದ, ೧೨ ಅಂಗುಲ ಅಗಲದ ಹಳೆಯ ಮರದ ಪೆಟ್ಟಿಗೆ ಸಾಕು. ಮುಂದಿನ ಹಲಗೆಯನ್ನು ಆರಂಗುಲಕ್ಕೆ ತಗ್ಗಿಸಿದರೆ ತಾಯಿ ಸುಲಭವಾಗಿ ಒಳಹೊಕ್ಕು ಹೊರಡುತ್ತದೆ, ಮರಿಗಳು ಉರುಳಿ ಹೊರಬೀಳುವುದಿಲ್ಲ. ತಳದಲ್ಲಿ ನೀರು ಬಸಿಯಲು ನಾಲ್ಕಾರು ತೂತುಗಳಿರಲಿ. ಒಳಗೆ ಮೆತ್ತನೆಯ ಒಣಹುಲ್ಲು ಹಾಸಬೇಕು. ಹತ್ತಿಯನ್ನೂ ನೂಲಿನ ಚೂರುಗಳನ್ನೂ ಹಾಕಕೂಡದು. ಎಳೆಗಳು ಮರಿಗಳ ಕಾಲಿಗೂ ಕುತ್ತಿಗೆಗೂ ಸುತ್ತಿಕೊಂಡು ಪ್ರಾಣಾಂತಿಕವಾಗುತ್ತವೆ. ನಮ್ಮ ಊರುಗಳಲ್ಲಿ ಮರೆಯಲಾಗದ ಶತ್ರು ಇರುವೆ. ಓಡಲಾರದ ಬೋಳುಮರಿಗಳಿಗೆ ಕೆಂಪಿರುವೆಯ ಸಾಲು ಮುತ್ತಿತೆಂದರೆ ಬೆಳಗಾಗುವುದರೊಳಗೆ ಎಲ್ಲವೂ ಮುಗಿದುಹೋಗುತ್ತದೆ. ಅಡುಗೆಮನೆಯ ಬೀರುವಿಗೆ ಮಾಡುವಂತೆ ಗೂಡಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿರಿ. ಬೆಕ್ಕು, ಹೆಗ್ಗಣಗಳು ನುಸುಳದಂತೆ ತಂತಿಬಲೆಯನ್ನು ಪರೀಕ್ಷಿಸಿಕೊಳ್ಳಿರಿ.

ಹೆರಿಗೆ ಸಮೀಪಿಸಿದಾಗ ತಾಯಿ ತನ್ನ ಹೊಟ್ಟೆಯ ಮತ್ತು ಕೊರಳಿನ ತುಪ್ಪಳವನ್ನು ಬಾಯಿಂದ ಕಿತ್ತು ಹಾಸುತ್ತದೆ. ಮೈಗೆ ಏನೋ ರೋಗ ತಗಲಿತೆಂದು ಇದನ್ನು ಕಂಡು ಗಾಬರಿಗೊಂಡವರುಂಟು. ಹೀಗೆ ಮಾಡುವುದರಿಂದ ಮರಿಗಳಿಗೆ ಹೊದಿಕೆಯೂ ಸಿಕ್ಕುತ್ತದೆ, ಮೊಲೆತೊಟ್ಟುಗಳೂ ತೆರವಾಗುತ್ತವೆ. ಹೆರಿಗೆ ಸಾಮಾನ್ಯವಾಗಿ ರಾತ್ರಿಯಲ್ಲೋ ನಸುಕಿನಲ್ಲೋ ಆಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ನೋಡಲು ನೆರೆಹೊರೆಯ ಮಕ್ಕಳೆಲ್ಲರನ್ನೂ ಕರೆತರಬೇಡಿರಿ. ಆ ಗದ್ದಲಕ್ಕೂ ನೀರಿನ ಅಭಾವಕ್ಕೂ ಕಂಗೆಟ್ಟು ತಾಯಿ ಮರಿಗಳನ್ನು ಕೊಲ್ಲುವುದುಂಟು. ಮನುಷ್ಯರ ಕೈ ಸೋಂಕಿದ ಮರಿಯನ್ನು ತಾಯಿ ಕೊಂದುಬಿಡುತ್ತದೆಂಬ ನಂಬಿಕೆ ಮಾತ್ರ ಮನೆಮೊಲದ ವಿಷಯದಲ್ಲಿ ನಿಜವಲ್ಲ. ಪಳಗಿದ ತಾಯಿಯನ್ನು ತುಸು ಸೊಪ್ಪಿನಿಂದ ಆಚೆಗೆ ಸೆಳೆದು, ತೊಳೆದ ಕೈಯಿಂದ ಮೊದಲನೆಯ ದಿನವೇ ಗೂಡನ್ನು ನೋಡತಕ್ಕದ್ದು. ಸತ್ತ ಮರಿ, ಒದ್ದೆಹುಲ್ಲುಗಳನ್ನು ತೆಗೆದುಹಾಕದಿದ್ದರೆ ಉಳಿದವಕ್ಕೆ ಅಪಾಯ.

ಇನ್ನು ಈ ಮಾತಿನ ಮುಖ್ಯಾಂಶಕ್ಕೆ ಬರುತ್ತೇನೆ. ಹೆತ್ತ ಮೊಲ ಮರಿಗಳ ಬಳಿ ಕೂಡುವುದಿಲ್ಲ. ಹಸು ಕರುವನ್ನು ನೆಕ್ಕುವುದನ್ನೂ ಬೆಕ್ಕು ಮರಿಗಳನ್ನು ಅಪ್ಪಿ ಮಲಗುವುದನ್ನೂ ಕಂಡ ನಮಗೆ, ಪೆಟ್ಟಿಗೆಯತ್ತ ಬೆನ್ನುಹಾಕಿ ಸೊಪ್ಪು ತಿನ್ನುತ್ತ ಕುಳಿತ ಈ ತಾಯಿ ನಿರ್ದಯಳೆಂದು ತೋರುತ್ತದೆ. ಕೂಡಲೆ ಮನೆಯವರು ಮರಿಗಳನ್ನೆತ್ತಿ ಹಸುವಿನ ಹಾಲನ್ನು ಹನಿಸಲು ತೊಡಗುತ್ತಾರೆ. ಎರಡು ಮೂರು ದಿನಗಳಲ್ಲಿ ಮರಿಗಳು ಒಂದೊಂದಾಗಿ ಸಾಯುತ್ತವೆ. ಮನೆಗಳಲ್ಲಿ ಹೀಗೆ ನಷ್ಟವಾದ ಮರಿಗಳೆಷ್ಟೋ. ಮೊಲ ದಿನಕ್ಕೆ ಒಂದೇ ಸಲ, ಕೆಲವೊಮ್ಮೆ ಎರಡು ಸಲ, ಅದೂ ಮೂರು ನಾಲ್ಕು ನಿಮಿಷ ಮಾತ್ರ ಹಾಲೂಡಿಸುತ್ತದೆ. ನರಿಯೂ ಮುಂಗುಸಿಯೂ ಮೂಸಿ ಬರುವ ಬಿಲದ ಬಾಯಲ್ಲಿ ತಾಯಿ ಹೆಚ್ಚು ಸುಳಿದಾಡಿದಷ್ಟೂ ಮರಿಗಳ ಗುಟ್ಟು ಹೊರಬೀಳುತ್ತದೆ. ದೂರವಿರುವುದೇ ಅದರ ಕಾವಲು. ಆ ಹಾಲಾದರೂ ಬಹು ಗಟ್ಟಿ. ಹಸುವಿನ ಹಾಲಿನಲ್ಲಿ ನೂರಕ್ಕೆ ನಾಲ್ಕು ಭಾಗದಷ್ಟು ಕೊಬ್ಬಿದ್ದರೆ ಇದರಲ್ಲಿ ಸುಮಾರು ಹನ್ನೆರಡು ಭಾಗ. ಕಣ್ಣಿಲ್ಲದ ಮರಿ ಅಷ್ಟು ಕಡಿಮೆ ಕಾಲದಲ್ಲಿ ತೊಟ್ಟನ್ನು ಹೇಗೆ ಹುಡುಕುತ್ತದೆಂಬುದೂ ವಿಸ್ಮಯಕರ. ತಾಯಿಯ ಹಾಲಿನಿಂದ ಹೊಮ್ಮುವ ಒಂದು ವಿಶಿಷ್ಟ ವಾಸನೆಯೇ ಮರಿಯನ್ನು ಎಳೆಯುತ್ತದೆಂದು ಫ್ರಾನ್ಸಿನ ದಿಜೋನ್ ನಗರದ ವಿಜ್ಞಾನಿಗಳು ೨೦೦೩ರಲ್ಲಿ ಪ್ರಕಟಿಸಿ, ಆ ದ್ರವ್ಯವನ್ನೂ ಗುರುತಿಸಿಕೊಟ್ಟರು.

ಹಾಗಾದರೆ ಮರಿಗೆ ಹಾಲು ದಕ್ಕಿದೆಯೆಂದು ತಿಳಿಯುವುದು ಹೇಗೆ? ತಾಯಿಯನ್ನು ಕಾಯಬೇಡಿರಿ, ಮರಿಯ ಹೊಟ್ಟೆಯನ್ನು ನೋಡಿರಿ. ಮುಂಜಾನೆ ಹೊಟ್ಟೆ ಉರುಟಾಗಿ, ಚರ್ಮ ಬಿಗಿಯಾಗಿ, ಮರಿಗಳು ತುಪ್ಪಳದಡಿ ಸದ್ದಿಲ್ಲದೆ ಒತ್ತೊತ್ತಾಗಿ ಮಲಗಿದ್ದರೆ ಎಲ್ಲವೂ ಕ್ಷೇಮ. ಚರ್ಮ ಸುಕ್ಕಾಗಿ ಹೊಟ್ಟೆ ಒಳಸೇರಿದ್ದರೆ ತಾಯಿಯನ್ನು ಮೆಲ್ಲಗೆ ಪೆಟ್ಟಿಗೆಯ ಮೇಲೆ ಹಿಡಿದು ಕುಡಿಸಬಹುದು. ಅದೇ ವಯಸ್ಸಿನ ಮರಿಗಳುಳ್ಳ ಇನ್ನೊಂದು ಮೊಲವಿದ್ದರೆ ಅಲ್ಲಿಗೆ ಸೇರಿಸುವುದು ಇನ್ನೂ ಮೇಲು. ಇವೆರಡೂ ಸಾಧ್ಯವಿಲ್ಲದಾಗ ಮಾತ್ರ ಕೈಹಾಲಿನ ಯೋಚನೆ. ಆಗಲೂ ಪಶುವೈದ್ಯರನ್ನು ಕೇಳಿಯೇ ತೊಡಗಬೇಕು; ಆತುರದಿಂದ ಹನಿಸಿದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮೊಲೆ ಕಚ್ಚಿಕೊಂಡ ಮರಿಯೊಂದು ತಾಯಿಯ ಹಿಂದೆ ಜೋತುಬಂದು ಗೂಡಿನ ಹೊರಗೆ ಬೀಳುವುದುಂಟು. ಬೆಕ್ಕಿನಂತೆ ಮೊಲ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿ ತಂದು ಸೇರಿಸುವುದಿಲ್ಲ. ನೀವೇ ಎತ್ತದಿದ್ದರೆ ಅದು ಎರಡು ಮಾರು ದೂರದಲ್ಲಿ ಚಳಿಯಿಂದ ಸಾಯುತ್ತದೆ. ತಣ್ಣಗೆ ಸೆಡೆತ ಮರಿಯನ್ನು ಸತ್ತಿತೆಂದು ಎಸೆಯಬೇಡಿರಿ. ಅಂಗೈಗಳ ನಡುವೆ, ಅಥವಾ ಬಟ್ಟೆ ಸುತ್ತಿದ ಬಿಸಿನೀರ ಸೀಸೆಯ ಪಕ್ಕದಲ್ಲಿ, ನಿಧಾನವಾಗಿ ಕಾಯಿಸಿದರೆ ಚೇತರಿಸಿಕೊಳ್ಳುವುದುಂಟು. ಮೈ ಬೆಚ್ಚಗಾಗುವವರೆಗೆ ಅದರ ಬಾಯಿಗೆ ಹಾಲು ಹನಿಸಕೂಡದು. ಚೈತ್ರ ವೈಶಾಖಗಳ ಸೆಕೆಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ: ಮರಿಗಳು ಚದರಿ ಏದುತ್ತಿದ್ದರೆ ತುಪ್ಪಳವನ್ನು ಸ್ವಲ್ಪ ತೆಗೆದು ಗೂಡನ್ನು ನೆರಳಿಗೆ ಸರಿಸಬೇಕು.

ಬಾಣಂತಿಗೆ ಬೇಕಾದದ್ದು ಮುಖ್ಯವಾಗಿ ನೀರು. ಹಾಲೂಡಿಸುವ ಮೊಲ ಬೇಸಗೆಯಲ್ಲಿ ದಿನಕ್ಕೆ ಒಂದು ಲೀಟರಿನವರೆಗೂ ಕುಡಿಯಬಲ್ಲದು. ಒಣಹುಲ್ಲು ಸದಾ ಎದುರಿಗಿರಲಿ. ಗರಿಕೆ, ಕುದುರೆ ಮಸಾಲೆ ಸೊಪ್ಪು ಒಳ್ಳೆಯವು. ಕಣಗಲೆಯ ಎಲೆ ಗೂಡಿನ ಹತ್ತಿರ ಸುಳಿಯಕೂಡದು.

ವಾರದೊಳಗೆ ಮರಿಗಳ ಮೈಮೇಲೆ ನಯವಾದ ಕೂದಲು ಕಾಣಿಸುತ್ತದೆ. ಹತ್ತರಿಂದ ಹನ್ನೆರಡನೆಯ ದಿನಕ್ಕೆ ಕಣ್ಣು ತೆರೆಯುತ್ತದೆ. ಆಮೇಲೂ ರೆಪ್ಪೆಗಳು ಅಂಟಿಕೊಂಡಿದ್ದರೆ ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲನೆ ಒರಸಬೇಕು. ಕೀವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಮೂರನೆಯ ವಾರದಲ್ಲಿ ಮರಿಗಳು ಹೊರಬಂದು ತಾಯಿಯ ಹುಲ್ಲನ್ನೇ ಕಡಿಯತೊಡಗುತ್ತವೆ. ಮಾರುವವರು ನಾಲ್ಕು ವಾರಕ್ಕೇ ತಾಯಿಯಿಂದ ಬೇರ್ಪಡಿಸುತ್ತಾರೆ. ಅಂಥ ಅವಸರವಿಲ್ಲದ ಮನೆಗಳಲ್ಲಿ ಆರರಿಂದ ಎಂಟು ವಾರ ಬಿಡುವುದು ಉತ್ತಮ. ಹೊಸ ಸೊಪ್ಪನ್ನು ಒಂದೊಂದಾಗಿ, ಅಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಿರಿ. ಈ ವಯಸ್ಸಿನಲ್ಲಿ ಭೇದಿ ಹಿಡಿದರೆ ಉಳಿಯುವುದು ಕಷ್ಟ. ಮೂರು ತಿಂಗಳು ತುಂಬುವುದಕ್ಕೆ ಮುಂಚೆ ಗಂಡುಮರಿಗಳನ್ನೂ ಹೆಣ್ಣುಮರಿಗಳನ್ನೂ ಬೇರೆ ಬೇರೆ ಗೂಡುಗಳಿಗೆ ಹಾಕಿರಿ. ಇಲ್ಲವಾದರೆ ಪಂಚಾಂಗದಲ್ಲಿ ಗುರುತುಹಾಕುವ ಕೆಲಸ ಮತ್ತೆ ಬೇಗನೆ ಒದಗುತ್ತದೆ, ಅದೂ ಯಾವ ದಿನಕ್ಕೆ ಗುರುತು ಹಾಕಬೇಕೆಂಬುದೇ ತಿಳಿಯದೆ.